ಇಬ್ಬರು ಚೋರೋಗಳು

ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸಿದರೆ ನನ್ನ ಅಮ್ಮನಿಗೆ ಅವತ್ತು ರಾತ್ರಿ ನಿದ್ದೆ ಹತ್ತುವುದಿಲ್ಲ. ಮೀಟರ್ ಓದಲು ಬಂದವನಿಗೂ ಅರ್ಧ ಲೋಟ ಆಗಲೇಬೇಕು. ಆತ ಬೇಡ ಅಂದರೆ ‘ಕಾಲು ಲೋಟ’ ಅಂತ ಚೌಕಾಸಿಗೆ ಇಳಿಯುತ್ತಾಳೆ. ಅಂಥ ಅಮ್ಮ ಸೋತದ್ದನ್ನು ನಾನು ನೋಡಿದ್ದು ಒಂದೇ ಸಲ. ಅದೂ ಜಪಾನಿನ ನಗೋಯಾದಲ್ಲಿ, ಇಪ್ಪತ್ತು ತುಂಬದ ಇಬ್ಬರು ಹುಡುಗರ ಎದುರು.

ಬಿಡದಿಯಿಂದ ಕಾರು ಕಾರ್ಖಾನೆಯ ಕೆಲಸದ ಮೇಲೆ ನಾನು ಅಲ್ಲಿಗೆ ಹೋಗಿದ್ದೆ. ಅಮ್ಮ ಮೂರು ತಿಂಗಳಿಗೆಂದು ಬಂದಿದ್ದಳು, ಸೂಟ್‌ಕೇಸಿನ ಅರ್ಧ ಕಾಫಿಪುಡಿ ತುಂಬಿಕೊಂಡು. ಆಗಸ್ಟ್ ತಿಂಗಳು. ನಗೋಯಾದ ಆಗಸ್ಟ್ ಅಂದರೆ ಮಂಗಳೂರಿನ ಮೇ ಅಂದುಕೊಳ್ಳಿ. ಗಂಟೆ ಬಾರಿಸಿತು. ಬಾಗಿಲು ತೆರೆದರೆ ಬಿಳಿ ಅಂಗಿ, ಟೈ, ಕೈಯಲ್ಲಿ ಸೈಕಲ್ ಹೆಲ್ಮೆಟ್, ಎದೆಯ ಮೇಲೆ ಪುಟ್ಟ ಕಪ್ಪು ಫಲಕ. ಒಬ್ಬ ಉದ್ದ, ಒಬ್ಬ ಕೆಂಪು ಕೂದಲಿನವನು. ಇಬ್ಬರ ಅಂಗಿಯೂ ಬೆನ್ನಿಗೆ ಅಂಟಿತ್ತು.

“ಬ್ಯಾಂಕಿನವರಾ?” ಅಂದಳು ಅಮ್ಮ.

ಅಲ್ಲಮ್ಮ, ಮಾರ್ಮನ್ ಮಿಷನರಿಗಳು ಅಂದೆ. ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥವನ್ನು ಸಾರುತ್ತ ಮನೆಮನೆ ತಿರುಗುವವರು. ಚರ್ಚಿನವರಿಗೆ ಈ ಅಡ್ಡಹೆಸರು ಈಗ ಇಷ್ಟವಿಲ್ಲ. 2018ರಿಂದ ಪೂರ್ತಿ ಹೆಸರನ್ನೇ ಹೇಳಿ ಅನ್ನುತ್ತಾರೆ. ಪೂರ್ತಿ ಹೆಸರು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಎಷ್ಟೋ ಬಾಗಿಲು ಮುಚ್ಚಿರುತ್ತವೆ.

ಫಲಕದ ಮೇಲೆ ಜಪಾನಿ ಅಕ್ಷರದಲ್ಲಿ ಮನೆತನದ ಹೆಸರು, ಅದರ ಮುಂದೆ ‘ಚೋರೋ’. ಚೋರೋ ಅಂದರೆ ಹಿರಿಯರು. ಇಂಗ್ಲಿಷಿನಲ್ಲಿ ಎಲ್ಡರ್ ಅನ್ನುವುದರ ಜಪಾನಿ ರೂಪ. ಮೀಸೆ ಮೂಡದ ಹುಡುಗ ಜಪಾನಿನ ಅಜ್ಜಂದಿರ ಮನೆಯ ಮುಂದೆ ನಿಂತು “ನಾನು ಹಿರಿಯ” ಅಂತ ಪರಿಚಯ ಮಾಡಿಕೊಳ್ಳಬೇಕು. ಈ ಸೇವೆಯ ಎರಡು ವರ್ಷ ಅವರನ್ನು ಯಾರೂ ಸ್ವಂತ ಹೆಸರು ಹಿಡಿದು ಕರೆಯುವುದಿಲ್ಲ. ಅಮ್ಮನಿಗೆ ಮಾತ್ರ ಬೇರೆಯೇ ಕೇಳಿಸಿತ್ತು. “ಎದೆ ಮೇಲೆ ಬರ್ಕೊಂಡು ಬರೋ ಚೋರರನ್ನ ಇವತ್ತೇ ನೋಡಿದ್ದು ಕಣೋ” ಅಂದಳು. ನಾನು ಅದನ್ನು ಅನುವಾದಿಸಲಿಲ್ಲ.

ಒಳಗೆ ಕರೆದೆವು. ಶೂ ಬಿಚ್ಚಿಟ್ಟರು. ಉದ್ದನೆಯವನ ಕಾಲುಚೀಲದಲ್ಲಿ ಹೆಬ್ಬೆರಳು ಇಣುಕುತ್ತಿತ್ತು. ಅಮ್ಮ ಅದನ್ನು ನೋಡಿದ್ದೇ ತಡ, ಡಿಕಾಕ್ಷನ್ ಬಿಸಿಗಿಟ್ಟಳು. ಆಮೇಲೆ ಶುರುವಾಯಿತು ಯುದ್ಧ.

ಕಾಫಿ ಕುಡಿಯುವುದಿಲ್ಲ ಅಂದರು. ಹಾಗಾದರೆ ಟೀ? ಅದೂ ಇಲ್ಲ. ಅವರ ಧರ್ಮದ ಮೂಲಪುರುಷ ಜೋಸೆಫ್ ಸ್ಮಿತ್‌ಗೆ 1833ರಲ್ಲಿ ದೈವದಿಂದ ಒಂದು ಅಪ್ಪಣೆ ಆಯಿತು ಅನ್ನುವುದು ಅವರ ನಂಬಿಕೆ. ಹೆಂಡ ಬೇಡ, ತಂಬಾಕು ಬೇಡ, ‘ಬಿಸಿ ಪಾನೀಯ’ ಬೇಡ. ಬಿಸಿ ಪಾನೀಯ ಅಂದರೆ ಟೀ, ಕಾಫಿ ಅಂತ ಚರ್ಚು ಅರ್ಥ ಹೇಳಿದೆ. ಅಮ್ಮ ಒಳ್ಳೆ ವಕೀಲೆ. “ಆರಿಸಿ ಕೊಟ್ಟರೆ?” ಅಂದಳು. ಕೇಳಿದೆ. ಆರಿಸಿದರೂ ಆಗದು. “ಬಿಸಿ ಚಾಕೊಲೇಟ್ ಹಾಲು?” ಅದಾಗಬಹುದಂತೆ. ಜಪಾನಿನವರು ಬೇಸಿಗೆಯಲ್ಲಿ ಕುಡಿಯುವ ಬಾರ್ಲಿ ಕಷಾಯ, ಮುಗಿಚಾ, ಅದೂ ಆಗುತ್ತದೆ. ಹೆಸರಲ್ಲಿ ‘ಚಾ’ ಇದ್ದರೂ ಅದರಲ್ಲಿ ಚಹಾದ ಎಲೆಯಿಲ್ಲ. ಹಸಿರು ಚಹಾ ಇಲ್ಲದೆ ಮಾತೇ ಶುರುವಾಗದ ದೇಶದಲ್ಲಿ ಈ ಹುಡುಗರನ್ನು ಇದೊಂದು ಮುಗಿಚಾವೇ ಕಾಪಾಡಿದ್ದು.

ಕೊನೆಗೆ ಅಮ್ಮ ಮಜ್ಜಿಗೆ ಕಡೆದಳು. ಶುಂಠಿ, ಇಂಗು, ಹಸಿಮೆಣಸಿನಕಾಯಿ. ಉದ್ದನೆಯವನು ಒಂದೇ ಗುಟುಕಿಗೆ ಮುಗಿಸಿದ. ಕೆಂಪು ಕೂದಲಿನವನು ಮುಖವನ್ನೂ ಕೂದಲಿನ ಬಣ್ಣಕ್ಕೆ ತಿರುಗಿಸಿಕೊಂಡು ಕೆಮ್ಮಿದ. ಅಮ್ಮ ಅವನ ತಲೆ ತಟ್ಟಲು ಕೈ ಚಾಚಿದಳು. ಅವನು ಗಾಬರಿಯಾಗಿ ನನ್ನನ್ನು ನೋಡಿದ. ಹೆಂಗಸರಿಗೆ ಕೈಕುಲುಕಬಹುದೇ ಹೊರತು ಅದಕ್ಕಿಂತ ಮುಂದೆ ಹೋಗುವಂತಿಲ್ಲ. ತಲೆ ತಟ್ಟುವುದು ಯಾವ ಕಲಮಿನಲ್ಲಿ ಬರುತ್ತದೋ ಪಾಪ, ಅವನಿಗೂ ಹೊಳೆಯಲಿಲ್ಲ.

“ಸಂಬಳ ಎಷ್ಟು?” ಇದು ಅಮ್ಮನ ಎರಡನೇ ಪ್ರಶ್ನೆ. ಸಂಬಳ ಇಲ್ಲ, ನಾವೇ ತಿಂಗಳಿಗೆ 500 ಡಾಲರ್ ಕಟ್ಟುತ್ತೇವೆ ಅಂದರು. ಅಮೆರಿಕದ ಹುಡುಗ ಯಾವ ದೇಶಕ್ಕೆ ಹೋದರೂ ಅಷ್ಟೇ. ಎಲ್ಲಿಗೆ ಹೋಗಬೇಕು ಅನ್ನುವುದೂ ಅವರ ಕೈಯಲ್ಲಿಲ್ಲ. ಅರ್ಜಿ ಹಾಕಬೇಕು, ಒಂದು ದಿನ ಕರೆಯೋಲೆ ಬರುತ್ತದೆ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓದುತ್ತಾರೆ. ಬ್ರೆಜಿಲ್ ಇರಬಹುದು, ಪಕ್ಕದ ರಾಜ್ಯವೂ ಇರಬಹುದು. ಕೆಂಪು ಕೂದಲಿನವನು ಹೈಸ್ಕೂಲಿನಲ್ಲಿದ್ದಾಗ ಪಿಜ್ಜಾ ಅಂಗಡಿಯಲ್ಲಿ ತಟ್ಟೆ ತೊಳೆದು ದುಡ್ಡು ಕೂಡಿಸಿದ್ದನಂತೆ. ಅಮೆರಿಕದ ಯೂಟಾ ರಾಜ್ಯದ ಪ್ರೋವೋ ಊರಿನಲ್ಲಿ ಎರಡು ತಿಂಗಳು ಜಪಾನಿ ಕಲಿಸಿ ವಿಮಾನ ಹತ್ತಿಸಿದ್ದರು. ಆ ಭಾಷೆಯಲ್ಲಿ ನಿಂಗೆನ್ ಅಂದರೆ ಮನುಷ್ಯ, ನಿಂಜಿನ್ ಅಂದರೆ ಕ್ಯಾರೆಟ್. ಬಂದ ಹೊಸತರಲ್ಲಿ ಒಬ್ಬ ಮುದುಕಿಗೆ “ದೇವರು ಎಲ್ಲ ಕ್ಯಾರೆಟ್‌ಗಳನ್ನೂ ಪ್ರೀತಿಸುತ್ತಾನೆ” ಅಂದುಬಿಟ್ಟನಂತೆ. “ಅದೇನು ಸುಳ್ಳಾ?” ಅಂದಳು ಅಮ್ಮ.

ನನಗೆ ಇವರ ದಿನಚರಿಯಲ್ಲಿ ಬೆಳಗಿನ ಆರೂವರೆಗೆ ಏಳುವುದು, ವ್ಯಾಯಾಮ, ಓದು, ಹತ್ತೂವರೆಗೆ ಮಲಗುವುದು ಯಾವುದೂ ದೊಡ್ಡದು ಅನ್ನಿಸಲಿಲ್ಲ. ನಮ್ಮ ತುಮಕೂರು ಕಡೆ ಮಠದ ಹಾಸ್ಟೆಲ್ ಹುಡುಗರು ಇವರಿಗಿಂತ ಬೇಗ ಏಳುತ್ತಾರೆ. ಬೆರಗಾದದ್ದು ಜೋಡಿಯ ವಿಷಯ. ಇಬ್ಬರೂ ಸದಾ ಒಬ್ಬರ ಕಣ್ಣಿಗೆ ಒಬ್ಬರು ಬೀಳುವಂತೆ, ಮಾತು ಕೇಳುವಂತೆ ಇರಬೇಕು. ಬಚ್ಚಲಿಗೆ ಹೋದಾಗ ಬಿಡುಗಡೆ. ಜೋಡಿಯನ್ನು ಮೇಲಿನವರು ಗೊತ್ತುಮಾಡುತ್ತಾರೆ. ಜಾತಕವೂ ಇಲ್ಲ, ಹುಡುಗನನ್ನು ನೋಡುವ ಶಾಸ್ತ್ರವೂ ಇಲ್ಲ. ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್ ಪಟ್ಟಿ ಬರುತ್ತದೆ. ಒಮ್ಮೊಮ್ಮೆ ಜೋಡಿ ಬದಲಾಗುತ್ತದೆ, ಒಮ್ಮೊಮ್ಮೆ ಅದೇ ಮುಂದುವರಿಯುತ್ತದೆ. ಬಿಡದಿಯ ಪೀಜಿಯಲ್ಲಿ ನನ್ನ ರೂಮಿನವನು ಉಗುರು ಕತ್ತರಿಸುವ ಸದ್ದಿಗೇ ನಾನು ಎದ್ದು ಮಹಡಿಗೆ ಹೋಗುತ್ತಿದ್ದೆ. ಇವರಿಗೆ ಮಹಡಿಗೆ ಹೋಗಬೇಕಾದರೂ ಇಬ್ಬರೂ ಹೋಗಬೇಕು. ಜಗಳವಾಡಿದ ದಿನವೂ ಒಟ್ಟಿಗೇ ಸೈಕಲ್ ತುಳಿದು, ಬಾಗಿಲು ತಟ್ಟಿ, ಸಂಸಾರ ಒಟ್ಟಾಗಿರಲಿ ಅಂತ ಬೋಧಿಸಬೇಕು. ಹಾಗಾದದ್ದು ಉಂಟಾ ಅಂತ ಕೇಳಿದೆ. ಇಬ್ಬರೂ ಮಜ್ಜಿಗೆ ಲೋಟ ನೋಡಿದರು.

ಸೋಮವಾರ ಅವರಿಗೆ ಪಿ-ಡೇ, ಅಂದರೆ ಬಟ್ಟೆ ಒಗೆಯುವ, ಸಾಮಾನು ತರುವ, ಮನೆಗೆ ಮಾತಾಡುವ ದಿನ. ಜಪಾನಿನ ಸೋಮವಾರ ಬೆಳಿಗ್ಗೆ ಯೂಟಾದಲ್ಲಿ ಇನ್ನೂ ಭಾನುವಾರ ಮಧ್ಯಾಹ್ನ, ಸಂಜೆ. ಅಪ್ಪ ಅಮ್ಮ ಇಬ್ಬರೂ ಸಿಗುತ್ತಾರೆ. 2019ರ ಫೆಬ್ರುವರಿಗೆ ಮುಂಚೆ ಫೋನು ವರ್ಷಕ್ಕೆ ಎರಡೇ ಸಲ ಇತ್ತು. ಕ್ರಿಸ್‌ಮಸ್ಸಿಗೆ ಒಂದು, ತಾಯಂದಿರ ದಿನಕ್ಕೆ ಒಂದು. ಇದನ್ನು ಹೇಳಿದಾಗ ಅಮ್ಮ ಏನೂ ಅನ್ನಲಿಲ್ಲ. ಎದ್ದು ಹೋಗಿ ಕೋಡುಬಳೆ ಡಬ್ಬಿ ತಂದಿಟ್ಟಳು.

ಅವರು ಪುಸ್ತಕ ತೆಗೆದದ್ದು ಆಮೇಲೆ. ನೀಲಿ ರಟ್ಟಿನ ಬುಕ್ ಆಫ್ ಮಾರ್ಮನ್, ಅವರ ಧರ್ಮಗ್ರಂಥ. ಓದುತ್ತೀರಾ ಅಂತ ಕೇಳಿದ ಉದ್ದನೆಯವನು. ನಾನು “ನೋಡೋಣ” ಅಂದೆ. ಕನ್ನಡದಲ್ಲಿ ನೋಡೋಣ ಅಂದರೆ ಏನು ಅಂತ ನಿಮಗೆ ಗೊತ್ತಲ್ವಾ. ಜಪಾನಿಯಲ್ಲಿ ಅದಕ್ಕೆ ‘ಕೆಕ್ಕೋ ದೆಸ್’ ಅನ್ನುತ್ತಾರೆ. ಚೆನ್ನಾಗಿದೆ ಅಂತಲೂ ಆಗುತ್ತದೆ, ಸಾಕು ಹೋಗಿ ಅಂತಲೂ ಆಗುತ್ತದೆ. ಈ ಹುಡುಗರು ದಿನಕ್ಕೆ ಎಷ್ಟೋ ಸಲ ಅದನ್ನು ಇಂಟರ್‌ಕಾಮಿನ ಸಣ್ಣ ತೂತುಗಳ ಮೂಲಕ ಕೇಳುತ್ತಾರೆ. ನಮ್ಮಲ್ಲಿ ದಾಸಯ್ಯನಿಗೆ ‘ಮುಂದಿನ ಮನೆಗೆ ಹೋಗಪ್ಪ’ ಅನ್ನುತ್ತಿದ್ದೆವು. ಆದರೆ ದಾಸಯ್ಯ ಬರುತ್ತಿದ್ದದ್ದು ಇಸಿದುಕೊಳ್ಳುವುದಕ್ಕೆ. ಇವರು ಬರುವುದು ಕೊಡುವುದಕ್ಕೆ. ಕೊಡಲು ಬಂದವನನ್ನು ಸಾಗಹಾಕುವುದು ಇನ್ನೂ ಕಷ್ಟ.

ಇದು ಇವತ್ತಿನ ಪಾಡೂ ಅಲ್ಲ. 1901ರಲ್ಲಿ ಇದೇ ಚರ್ಚಿನ ಹೀಬರ್ ಗ್ರಾಂಟ್ ಎಂಬಾತ ಮೂವರನ್ನು ಕಟ್ಟಿಕೊಂಡು ಯೊಕೊಹಾಮಾದಲ್ಲಿ ಇಳಿದ. ಅವರಲ್ಲಿ ಆಲ್ಮಾ ಟೇಲರ್‌ಗೆ ಹತ್ತೊಂಬತ್ತು ವರ್ಷ. ಆ ಹುಡುಗ ಎಂಟು ವರ್ಷದ ಮೇಲೆ ಅಲ್ಲೇ ಉಳಿದು ಅವರ ಗ್ರಂಥವನ್ನು ಜಪಾನಿಗೆ ಅನುವಾದಿಸಿದ. 1909ರಲ್ಲಿ ಅದು ಅಚ್ಚಾಯಿತು. ಆದರೂ 1924ರವರೆಗೆ ದೀಕ್ಷೆ ಪಡೆದವರು 166 ಮಂದಿ. ಆ ವರ್ಷ ಜಪಾನಿನ ಮಿಷನ್ ಮುಚ್ಚಿದರು. ಮುಚ್ಚಿದ್ದು ಯಾರು? ಅಷ್ಟರಲ್ಲಿ ಚರ್ಚಿನ ಅಧ್ಯಕ್ಷನಾಗಿದ್ದ ಅದೇ ಗ್ರಾಂಟ್. ಮತ್ತೆ ತೆರೆದದ್ದು 1948ರಲ್ಲಿ. ನನ್ನ ‘ನೋಡೋಣ’ ಈ ಸಾಲಿನಲ್ಲಿ ಯಾವ ಮೂಲೆಗೆ?

ಹಾಗಂತ ಲೆಕ್ಕ ಸರಿಯಾಗಿಯೇ ಇತ್ತು. ಅವರು ನಮ್ಮ ಕಾಫಿ ಬೇಡ ಅಂದರು, ನಾನು ಅವರ ಪುಸ್ತಕ ಬೇಡ ಅಂದೆ. ಇಬ್ಬರೂ ನಗುತ್ತಲೇ ಅಂದೆವು. ಅಮ್ಮನಿಗೆ ಮಾತ್ರ ತನ್ನ ಕಡೆಯ ಸೋಲೊಂದೇ ಕಂಡಿತು. ಮುಂದೆ ಅವರು ಆ ದಾರಿಯಲ್ಲಿ ಹೋಗುವಾಗೆಲ್ಲ ಕಿಟಕಿಯಿಂದ ಕೈ ಬೀಸಿ ನಿಲ್ಲಿಸುತ್ತಿದ್ದಳು. ನಾನು ಆಫೀಸಿಗೆ ಹೋಗಿದ್ದಾಗ ಒಬ್ಬಳೇ ಇರುವ ಹೆಂಗಸಿನ ಮನೆಯೊಳಗೆ ಬರುವಂತಿಲ್ಲ ಅಂತ ಅವರು ಹೊಸ್ತಿಲಾಚೆಯೇ ನಿಂತು ಕುಡಿಯುತ್ತಿದ್ದರಂತೆ. ಭಾಷೆ? “ಮಜ್ಜಿಗೆಗೆ ಯಾವ ಭಾಷೆ ಬೇಕು” ಅಂದಳು.

ನವೆಂಬರಿನಲ್ಲಿ ಅಮ್ಮ ಊರಿಗೆ ಹೊರಟಳು. ಅದರ ಹಿಂದೆಯೇ ಹುಡುಗರೂ ಕಾಣಲಿಲ್ಲ. ಟ್ರಾನ್ಸ್‌ಫರ್ ಪಟ್ಟಿ ಬಂದಿರಬೇಕು.

ಫೆಬ್ರುವರಿಯ ಒಂದು ಸಂಜೆ, ಮಂಜು ಉದುರುತ್ತಿದ್ದಾಗ, ಗಂಟೆ ಬಾರಿಸಿತು. ಬೇರೆ ಇಬ್ಬರು ಚೋರೋಗಳು. ಒಬ್ಬ ಜಪಾನಿನವನೇ, ಒಬ್ಬ ಎಲ್ಲಿಯವನೋ. ಊರು ಬಿಟ್ಟು ಹೋಗುವವರು ಯಾವ ಮನೆಯಲ್ಲಿ ಯಾರಿದ್ದಾರೆ, ಏನು ಮಾತಾಯಿತು ಅಂತ ಮುಂದೆ ಬರುವವರಿಗೆ ಬರೆದಿಟ್ಟು ಹೋಗುವ ಪದ್ಧತಿ ಇವರಲ್ಲಿದೆ. ಹೊಸಬ ಫೋನಿನಲ್ಲಿ ಏನನ್ನೋ ಓದಿಕೊಂಡ. ನಮ್ಮ ಬಗ್ಗೆ ಏನು ಬರೆದಿರಬಹುದು ಅಂತ ನನಗೆ ಕುತೂಹಲ. ಆಸಕ್ತಿ ಇಲ್ಲ ಅಂತಲೇ? ನೋಡೋಣ ಅಂದಿದ್ದಾರೆ ಅಂತಲೇ?

ಹುಡುಗ ತಲೆಯೆತ್ತಿ, ಕ್ಯಾರೆಟ್ ಆದೀತೇನೋ ಅನ್ನುವ ಅಳುಕಿನಲ್ಲಿ, ನಿಧಾನವಾಗಿ ಅಂದ: “ಮಾ-ಜಿ-ಗೆ?”

ಮನೆಯಲ್ಲಿ ಮೊಸರಿರಲಿಲ್ಲ. “ಐದು ನಿಮಿಷ ಕೂತಿರಿ” ಅಂತ ಅವರನ್ನು ಒಳಗೆ ಕೂರಿಸಿ, ಕೊಡೆ ಹಿಡಿದು ಅಂಗಡಿಗೆ ಹೊರಟೆ.