ಮೊದಲು ಸೋಫಾ, ಆಮೇಲೆ ಪಿಟೀಲು

ಮೈಸೂರಿನಲ್ಲಿ ಪಾಶ್ಚಾತ್ಯ ವಾದ್ಯಗೋಷ್ಠಿ ಏರ್ಪಡಿಸುವ ಮಹನೀಯರು ಮೊದಲು ಹೊಂದಿಸಿಕೊಳ್ಳಬೇಕಾದದ್ದು ಸೋಫಾ. ಜರ್ಮನ್ ಸಂಯೋಜಕ ಮೆಂಡೆಲ್ಸನ್‌ನ ಇ ಮೈನರ್ ಪಿಟೀಲು ಕಾನ್ಸರ್ಟೊಗೆ, ಅಂದರೆ ಒಂಟಿ ಪಿಟೀಲಿನ ಜೊತೆ ಇಡೀ ವಾದ್ಯವೃಂದ ನುಡಿಸುವ ಕೃತಿಗೆ, ತಂತಿವಾದ್ಯದವರೇ ಒಂದು ನಲವತ್ತು ಜನ ಎಂದಿಟ್ಟುಕೊಳ್ಳಿ. ಮೇಲೆ ಗಾಳಿವಾದ್ಯಗಳಾದ ಕೊಳಲು, ಓಬೋ, ಕ್ಲಾರಿನೆಟ್, ಬಸೂನ್, ಹಾರ್ನ್, ಟ್ರಂಪೆಟ್ ಎರಡೆರಡು, ಟಿಂಪನಿ ಎಂಬ ನಗಾರಿಗೆ ಒಬ್ಬರು. ಒಟ್ಟು 53. ಇವರೆಲ್ಲ ಕಮಾನು ಆಡುವಷ್ಟು ಜಾಗ ಬಿಟ್ಟು ಕೂತರೆ ಗಣ್ಯರು ಎಲ್ಲಿ ಕೂರಬೇಕು? ಹಾಗಾಗಿ ವೇದಿಕೆಯ ಮುಂಭಾಗ ಗಣ್ಯರಿಗೆ, ಹಿಂಭಾಗ ಬ್ಯಾನರ್‌ಗೆ, ನಡುವೆ ಮಿಕ್ಕಿದ್ದು ಕಲಾವಿದರಿಗೆ. ಡಬಲ್ ಬಾಸ್‌ನವರಿಗೆ ಪರದೆಯ ಮರೆಯಲ್ಲಿ, ಕಾಫಿ ಫ್ಲಾಸ್ಕಿನ ಪಕ್ಕ.

ಓಬೋ ಹಿಡಿದ 440 ಹರ್ಟ್ಸಿನ 'ಎ' ಸ್ವರಕ್ಕೆ ಎಲ್ಲರೂ ಶ್ರುತಿ ಸೇರಿಸಿಕೊಂಡ ತಕ್ಷಣ ಸಭಾ ಕಾರ್ಯಕ್ರಮ ಶುರು ಮಾಡಬೇಕು. ದೀಪ ಆರಬಾರದಲ್ಲ, ಫ್ಯಾನ್ ಆರಿಸಿ. ಒಂದೂವರೆ ಗಂಟೆ ಹ್ಯಾಲೊಜೆನ್ ಬೆಳಕಿನಡಿ ಕೂತರೆ ಗಾಳಿವಾದ್ಯಗಳ ಶ್ರುತಿ ಏರುತ್ತದೆ, ತಂತಿ ಬಿಸಿಗೆ ಹಿಗ್ಗಿ ಪಿಟೀಲಿನದು ಇಳಿಯುತ್ತದೆ. ಮತ್ತೊಮ್ಮೆ ಸೇರಿಸಿಕೊಳ್ಳುತ್ತೇವೆ ಎಂದರೆ, ಕ್ಷಮಿಸಿ, ಸಮಯದ ಅಭಾವ. ಭಾಷಣ ಮುಗಿದ ಮೇಲೆ ಫ್ಯಾನ್ ಜೋರಾಗಿ ಹಾಕುತ್ತೀರಿ. ಸ್ವರಲಿಪಿಯ ಹಾಳೆ ಹಾರುತ್ತದೆ. ತಂತಿಯವರು ಇಬ್ಬರಿಗೊಂದು, ಉಳಿದವರಿಗೆ ತಲೆಗೊಂದು ಎಂದರೆ 33 ಸ್ಟ್ಯಾಂಡು, ಎರಡೆರಡರಂತೆ 66 ಬಟ್ಟೆ ಕ್ಲಿಪ್ಪು. ಬಜೆಟ್ಟಿನಲ್ಲಿ ಶಾಲಿಗೆ ದುಡ್ಡಿರುತ್ತದೆ, ಕ್ಲಿಪ್ಪಿಗೆ ಇರುವುದಿಲ್ಲ.

ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಸಿದ್ದು 1950ರ ಮೇ 22ರಂದು. ಖರ್ಚಿಗೆ ಬೆನ್ನಾಗಿ ನಿಂತವರು ನಮ್ಮ ಜಯಚಾಮರಾಜ ಒಡೆಯರು. ಹೆಮ್ಮೆಯ ಮಾತೇ. ಅದಕ್ಕೇ ಉದ್ಘಾಟಕರು, ಮುಖ್ಯ ಅತಿಥಿಗಳು, ಅಧ್ಯಕ್ಷರು ಮೂವರೂ ಅದನ್ನೇ ಹೇಳುತ್ತಾರೆ. ಆ ಹೊತ್ತಿಗೆ ನಾಲ್ಕೂ ಗೀತೆ ಹಾಡಿ ಮುಗಿಸಬಹುದಿತ್ತು. ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯನವರ ಊರಿಗೆ ಬಂದು ನಾಲ್ಕೇ ತಂತಿಯಾ ಎಂದು ಮರುಗುವವರೂ ಒಬ್ಬರಿರುತ್ತಾರೆ.

ಸನ್ಮಾನಕ್ಕೆ ಮುಹೂರ್ತವನ್ನು 1844ರಲ್ಲೇ ಮೆಂಡೆಲ್ಸನ್ ಇಟ್ಟುಕೊಟ್ಟಿದ್ದಾನೆ. ಅವನ ಕಾನ್ಸರ್ಟೊದ ಮೂರು ಭಾಗಗಳ ನಡುವೆ ಬಿಡುವಿಲ್ಲ. ಮೊದಲ ಭಾಗದ ಅಬ್ಬರ ನಿಂತ ಮೇಲೆ ಬಸೂನ್ ಒಂದೇ 'ಬಿ' ಸ್ವರ ಹಿಡಿದು ಉಳಿಯುತ್ತದೆ. ಆ ಎಳೆ ಹಿಡಿದೇ ಎರಡನೆಯ ಭಾಗಕ್ಕೆ ಹೋಗಬೇಕು. ಚಪ್ಪಾಳೆ ಬೀಳುವುದು ಸರಿಯಾಗಿ ಅಲ್ಲೇ. ಪ್ರಾಯೋಜಕರು ಪೇಟ ಹಿಡಿದು ಮೆಟ್ಟಿಲು ಹತ್ತುವುದೂ ಅಲ್ಲೇ. ಪೇಟ ತೊಡಿಸಿ, ಹಾರ ಹಾಕಿ, 'ಮೇಡಂ, ಸ್ವಲ್ಪ ಈ ಕಡೆ ನೋಡಿ' ಎಂದು ಫೋಟೋ ತೆಗೆಯುವಷ್ಟು ಉಸಿರು ಯಾವ ಬಸೂನ್ ವಾದಕನಿಗಿದೆ? ಪಿಟೀಲು ವಾದಕಿಯ ಎಡಗೈಯಲ್ಲಿ ವಾದ್ಯ, ಬಲಗೈಯಲ್ಲಿ ಕಮಾನು. ಹಣ್ಣಿನ ಬುಟ್ಟಿಯನ್ನು ಮೊಣಕೈಗೆ ಸಿಕ್ಕಿಸಿ. ಹಾರಕ್ಕೆ ಚಿಮುಕಿಸಿದ ನೀರು ಕಮಾನಿನ ಕುದುರೆ ಕೂದಲಿಗೆ ತಗುಲಿದರೆ ರಾಳ ಹಿಡಿಯದು, ಕಮಾನು ತಂತಿಯ ಮೇಲೆ ಸುಮ್ಮನೆ ಜಾರುತ್ತದೆ. ಹಿಂದಿನ ಸಾಲಿನವರಿಗೆ ಇದರಿಂದ ತೊಂದರೆಯಿಲ್ಲ. ಅವರಿಗೆ ಮೊದಲೂ ಕೇಳಿಸುತ್ತಿರಲಿಲ್ಲ.

ಇನ್ನು ಆಧುನಿಕ ಕೃತಿ. ಆಸ್ಟ್ರಿಯಾದ ಸಂಯೋಜಕ ಆಲ್ಬನ್ ಬರ್ಗ್‌ನ 1935ರ ಪಿಟೀಲು ಕಾನ್ಸರ್ಟೊದಲ್ಲಿ ಪಿಟೀಲು ಒಳಬರುವುದೇ ಬೆರಳೊತ್ತದ ಖಾಲಿ ತಂತಿಗಳ ಮೇಲೆ: ಜಿ, ಡಿ, ಎ, ಇ, ಮೆಲ್ಲಗೆ ಹತ್ತಿ ಇಳಿಯುತ್ತದೆ. ನಿರೂಪಕರು ಚುರುಕಿನವರು. ಶ್ರುತಿ ಮಾಡಿಕೊಳ್ಳುತ್ತಿದ್ದಾರೆ, ಅಷ್ಟರೊಳಗೆ ವಂದನಾರ್ಪಣೆ ಮುಗಿಸಿಬಿಡೋಣ ಎಂದು ಮೈಕ್ ಹಿಡಿಯುತ್ತಾರೆ. ಶಾಮಿಯಾನದವರು, ಮೈಕ್ ಸೆಟ್‌ನವರು, ಉಪ್ಪಿಟ್ಟು–ಕೇಸರಿಬಾತ್ ಪ್ರಾಯೋಜಿಸಿದವರು, ಎಲ್ಲರಿಗೂ ಹೆಸರು ಹಿಡಿದು ವಂದನೆ ಸಂದಾಯವಾಗುತ್ತದೆ. ಕೊನೆಗೆ ವಾದ್ಯವೃಂದ ನಡೆಸುವ ನಿರ್ವಾಹಕರ ಕಡೆ ತಿರುಗಿ, 'ಶ್ರುತಿ ಆಯ್ತಲ್ಲ ಸಾರ್? ಹಾಗೇ ರಾಷ್ಟ್ರಗೀತೆ ನುಡಿಸಿಬಿಡಿ.'