ಗೆರೆ ನೆಟ್ಟಗಿದೆಯೇ?

ಊರಿಗೆ ರೋಗ ಕಾಲಿಟ್ಟಿದ್ದು ಜನರಿಗೆ ತಿಳಿಯುವುದು ಆಸ್ಪತ್ರೆಯಿಂದಲ್ಲ, ಚರಂಡಿ ಅಂಚಿನ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆಯಿಂದ. ರಾತ್ರೋರಾತ್ರಿ ಮೂಡುವ ಈ ಗೆರೆ ನೂಲು ಹಿಡಿದು ಎಳೆದಷ್ಟು ನೆಟ್ಟಗಿರುತ್ತದೆ. ದೊಡ್ಡವರ ಕಾರು ಬರುವ ರಸ್ತೆಯಾದರೆ ಎರಡೂ ಬದಿಗೆ. ಕಾರು ನುಗ್ಗದ ಓಣಿಗೆ ಗೆರೆಯೂ ನುಗ್ಗುವುದಿಲ್ಲ.

ಬ್ಲೀಚಿಂಗ್ ಪೌಡರ್ ಕೆಲಸ ಮಾಡಬೇಕಾದರೆ ನೀರಿನಲ್ಲಿ ಕರಗಬೇಕು. ಒಣನೆಲಕ್ಕೆ ಬಿದ್ದದ್ದು ಗಾಳಿ ಬಿಸಿಲಿಗೆ ಕ್ಲೋರಿನ್ ಕಳೆದುಕೊಂಡು ಬರೀ ಸುಣ್ಣವಾಗಿ ಕೂರುತ್ತದೆ. ಒಂದಿಷ್ಟು ಜಾರಿ ಕೊಳಚೆಗೆ ಬಿತ್ತೆನ್ನಿ, ಅಲ್ಲಿನ ಕೊಳೆಯೊಡನೆ ಸೆಣಸುವಷ್ಟರಲ್ಲೇ ಅದರ ಸತ್ವ ಮುಗಿದು, ರೋಗಾಣುವಿನ ಸರದಿ ಬರುವುದೇ ಇಲ್ಲ. ಇದೇ ಪುಡಿ ಹೊಸದಾಗಿದ್ದರೆ, ತಿಳಿಯಾದ 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಸಾಕು. ಅಂದರೆ 25 ಕೆಜಿಯ ಒಂದು ಚೀಲದಿಂದ ಒಂದು ಕೋಟಿ ಲೀಟರ್ ನೀರು ಶುದ್ಧವಾದೀತು. ಆದರೆ ಕರಗಿದ ಪುಡಿ ಫೋಟೋದಲ್ಲಿ ಕಾಣುವುದಿಲ್ಲವಲ್ಲ! ಕಾಣದ ಕೆಲಸಕ್ಕೆ ಬಿಲ್ ಪಾಸಾಗುವುದು ಕಷ್ಟ.

ನೀರಿನ ಪರೀಕ್ಷೆಯೂ ಉಂಟು. ಕ್ಲೋರಿನ್ ಬೆರೆಸಿ ಅರ್ಧ ಗಂಟೆ ಕಳೆದ ಮೇಲೂ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಅಷ್ಟು ಉಳಿದಿದೆಯೇ ಎಂದು ನೋಡಬೇಕಾದದ್ದು ಕೊಳವೆಯ ಕೊಟ್ಟಕೊನೆಯ ಮನೆಯಲ್ಲಿ. ದಾರಿಯುದ್ದಕ್ಕೂ ಸೋರಿಕೆಯಲ್ಲಿ ಕೊಳಚೆ ನುಗ್ಗಿದ್ದರೆ ಕ್ಲೋರಿನ್ ಖಾಲಿಯಾಗುವುದು ಅಲ್ಲೇ. ಮಾದರಿ ತೆಗೆಯುವುದು ಮಾತ್ರ ಟ್ಯಾಂಕಿನ ಬುಡದ ನಲ್ಲಿಯಲ್ಲಿ. ಕ್ಲೋರಿನ್ ಇದ್ದರೆ ಬಣ್ಣ ತೋರಿಸುವ ಡಿಪಿಡಿ ಮಾತ್ರೆ ಹಾಕಿದ ಕೂಡಲೇ ನೀರು ಚೆಂದದ ಗುಲಾಬಿಗೆ ತಿರುಗುತ್ತದೆ. ಇಡೀ ವಾರ್ಡು ಸುರಕ್ಷಿತ.

ಇನ್ನು ಹೊಗೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ, ಮುಖ್ಯವಾಗಿ ಬೆಳಗ್ಗೆ ಮತ್ತು ಇಳಿಹೊತ್ತಿನಲ್ಲಿ. ಉಳಿದ ಹೊತ್ತು ಮಂಚದಡಿ, ಪರದೆಯ ಹಿಂದೆ, ನೇತುಹಾಕಿದ ಬಟ್ಟೆಯ ಮಡಿಕೆಯಲ್ಲಿ ಆರಾಮಾಗಿರುತ್ತದೆ. ಯಂತ್ರ ಬರುವುದು ನಡುಮಧ್ಯಾಹ್ನ. ಕಾದ ನೆಲದ ಗಾಳಿ ಮೇಲೇಳುತ್ತ ಹೊಗೆಯನ್ನೂ ಆಕಾಶಕ್ಕೆ ಒಯ್ಯುತ್ತದೆ. ಸದ್ದು ಕೇಳಿದ್ದೇ ಮನೆಯವರೆಲ್ಲ ಕಿಟಕಿ ಬಾಗಿಲು ಭದ್ರಪಡಿಸುತ್ತಾರೆ. ಒಳಗಿರುವ ಸೊಳ್ಳೆಗೆ ಇದಕ್ಕಿಂತ ಉಪಕಾರ ಬೇರೆ ಬೇಕೆ? ಹೊರಗೆ ಸಿಕ್ಕ ನಾಲ್ಕು ಸೊಳ್ಳೆ ಸತ್ತರೂ ನೀರಿನೊಳಗಿನ ಮರಿಗಳಿಗೆ ಹೊಗೆ ತಾಕುವುದಿಲ್ಲ. ಕೆಮ್ಮಿದ್ದು ನಾಗರಿಕರು ಮಾತ್ರ.

ಆ ಮರಿ ಹುಡುಕುವುದೇ ಆರೋಗ್ಯ ನಿರೀಕ್ಷಕರ ಅಸಲಿ ಕಸುಬು. ಡ್ರಮ್ಮಿನ ಮುಚ್ಚಳ ತೆಗೆದಾಗ ನೆರಳು ಬಿತ್ತೆಂದರೆ ಮರಿಗಳೆಲ್ಲ ಸರ್ರನೆ ತಳ ಸೇರುತ್ತವೆ. ನೀರು ಕಲಕದೆ ಎರಡು ಮೂರು ನಿಮಿಷ ಸುಮ್ಮನೆ ನಿಂತರೆ ಉಸಿರಿಗಾಗಿ ಒಂದೊಂದೇ ಮೇಲೆ ಬಂದು, ಬಾಲದ ಕೊಳವೆಯನ್ನು ನೀರ್ಮಟ್ಟಕ್ಕೆ ತಗುಲಿಸಿ ತಲೆಕೆಳಗಾಗಿ ನೇತಾಡುತ್ತವೆ. ಆಗ ಟಾರ್ಚ್ ಬಿಡಬೇಕು. ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಅಡಿತಟ್ಟೆ, ಟೈರಿನ ಒಳಮಡಿಕೆ ಬಿಡಬಾರದು. ನೀರು ಚೆಲ್ಲಿ ಬಂದರೂ ಸಾಲದು. ಮೊಟ್ಟೆ ನೀರಿನ ಮಟ್ಟದ ಮೇಲಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಬದುಕಿರುತ್ತದೆ. ಗೋಡೆಯನ್ನು ಒರಟಾದ ಬ್ರಷ್ಷಿನಿಂದ ಉಜ್ಜಲೇಬೇಕು. ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನವೇ ಸಾಕಾದ್ದರಿಂದ ವಾರಕ್ಕೊಮ್ಮೆ ಮತ್ತೆ ಅದೇ ಮನೆಗೆ ಹೋಗಬೇಕು.

ದಿನದ ಗುರಿ ಇಷ್ಟು ಮನೆ ಎಂದಾದ ಮೇಲೆ ಡ್ರಮ್ಮಿನ ಮುಂದೆ ಮೂರು ನಿಮಿಷ ನಿಲ್ಲುವವರು ಯಾರು? ಗೇಟಿನ ಮುಂದೆ ಫೋಟೋ, ಬಾಗಿಲ ಮೇಲೆ ಸೀಮೆಸುಣ್ಣದ ತಾರೀಖು, ಮುಂದಿನ ಮನೆ.

ನೂರು ಮನೆಗಳಲ್ಲಿ ಮರಿ ಸಿಕ್ಕ ಪಾತ್ರೆಗಳೆಷ್ಟು ಎಂಬ ಲೆಕ್ಕಕ್ಕೆ ಬ್ರೆಟೋ ಸೂಚ್ಯಂಕವೆಂದು ಹೆಸರು. ಗೇಟಿನಿಂದಲೇ ನೋಡಿದ ವಾರ್ಡಿನಲ್ಲಿ ಅದು ಸೊನ್ನೆ, ಸಭೆಯಲ್ಲಿ ಚಪ್ಪಾಳೆ. ನಿಂತು, ಬಗ್ಗಿ, ಟಾರ್ಚ್ ಬಿಟ್ಟು ನೋಡಿದವರ ವಾರ್ಡಿನಲ್ಲಿ ಇಪ್ಪತ್ತು ದಾಟುತ್ತದೆ: "ನಿಮ್ಮಲ್ಲೇ ಯಾಕ್ರೀ ಇಷ್ಟು ಸೊಳ್ಳೆ?" ಕಾರಣ ಕೇಳಿ ಮೆಮೊ.

ಮರಿ ಹುಡುಕುವ ಚಟ ಬಿಡದಿದ್ದರೆ ಅಂಥವರನ್ನು ಪುಡಿ ಎರಚುವ ತಂಡದ ಉಸ್ತುವಾರಿಗೆ ಹಾಕಲಾಗುತ್ತದೆ. ಅಲ್ಲಿ ಗೆರೆ ಎರಡಂಗುಲ ಸೊಟ್ಟಗಾದರೆ ಇನ್ನೊಂದು ಮೆಮೊ.