ಟೆಂಟ್ ಹಾಕುವ ವಿಧಾನವನ್ನು ಅಂದವಾದ ಚಿತ್ರದೊಂದಿಗೆ ವಿವರಿಸಿ (10 ಅಂಕ)

ನಮ್ಮ ಕಡೆ ಒಂದು ಕಾಲೇಜಲ್ಲಿ ಅಡ್ವೆಂಚರ್ ಎಜುಕೇಶನ್ ಅಂಡ್ ಕ್ಯಾಂಪ್ ಲೀಡರ್‌ಶಿಪ್ ಅಂತ ಸರ್ಟಿಫಿಕೇಟ್ ಕೋರ್ಸ್ ಶುರುವಾಗಿದೆ. ಕ್ಲಾಸು ಮೂರನೇ ಫ್ಲೋರಲ್ಲಿ, ಹುಡುಗ್ರು ಲಿಫ್ಟಲ್ಲಿ ಹತ್ತಿ ಹೋಗ್ತಾರೆ. ಪಾಠ ಮಾಡೋರು ಕಾಮರ್ಸ್ ಮೇಷ್ಟ್ರು, ಯಾಕಂದ್ರೆ ಈ ಸೆಮಿಸ್ಟರ್ ಅವರಿಗೆ ವರ್ಕ್‌ಲೋಡ್ ಕಮ್ಮಿ ಬಿದ್ದಿತ್ತು. ಪಾಪ ಒಳ್ಳೆ ಮನುಷ್ಯ, ಬೆಟ್ಟ ಅಂದ್ರೆ ಅವರಿಗೆ ತಿರುಪತಿ, ಅದೂ ಬಸ್ಸಲ್ಲಿ. ಬೋಲೈನ್, ಕ್ಲೋವ್ ಹಿಚ್, ಫಿಗರ್ ಆಫ್ ಏಟ್ ಅಂತ ಒಂದೊಂದು ಗಂಟಿಗೂ ಅರ್ಥ, ಲಕ್ಷಣ, ಉಪಯೋಗ, ಮಿತಿಗಳು ಅಂತ ಹೆಡ್ಡಿಂಗ್ ಹಾಕಿ ನೋಟ್ಸ್ ಬರೆಸಿದ್ದಾರೆ. ಹಗ್ಗ ಇಲ್ವಾ ಸಾರ್ ಅಂದ್ರೆ ಇದೆಯಪ್ಪ, ಸ್ಟಾಕ್ ರಿಜಿಸ್ಟರಲ್ಲಿ ಎಂಟ್ರಿ ಆಗಿದೆ, ಸ್ಟೋರ್ ರೂಮಲ್ಲಿ ಬೀಗ ಹಾಕಿಟ್ಟಿದೀವಿ, ಹೊರಗೆ ತೆಗೆದ್ರೆ ಸವೆಯುತ್ತೆ, ಆಮೇಲೆ ಆಡಿಟ್‌ನೋರಿಗೆ ಯಾರು ಉತ್ತರ ಕೊಡೋದು ಅಂತಾರೆ.

ಒಂದು ಮಾರ್ಕಿನ ಪ್ರಶ್ನೆ ಒಂದಿದೆ, ಗ್ಯಾರಂಟಿ ಬರುತ್ತೆ: ಔಟ್‌ವರ್ಡ್ ಬೌಂಡ್ ಶಾಲೆ ಶುರುವಾದ ವರ್ಷ ಯಾವುದು? ಉತ್ತರ 1941. ಅಲ್ಲಿಗೆ ಕಥೆ ಮುಗೀತು. ಆದ್ರೆ ಅದು ಶುರುವಾಗಿದ್ದೇ ಯಾಕೆ ಗೊತ್ತಾ? ಯುದ್ಧದ ಟೈಮಲ್ಲಿ ಜರ್ಮನ್ನರು ಬ್ರಿಟಿಷ್ ಸರಕು ಹಡಗುಗಳನ್ನ ಮುಳುಗಿಸ್ತಿದ್ರು, ಲೈಫ್ ಬೋಟಿಗೆ ಇಳಿದ ಮೇಲೆ ಗಟ್ಟಿಮುಟ್ಟಾದ ಹರೆಯದ ಹುಡುಗ್ರೇ ಮೊದಲು ಕೈಚೆಲ್ತಾರೆ, ಸಮುದ್ರದಲ್ಲಿ ಪಳಗಿದ ಹಳಬರು ತಡ್ಕೊಂಡು ಬದುಕಿ ಬರ್ತಾರೆ ಅನ್ನೋ ಚಿಂತೆ ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್‌ಗೆ ಹತ್ತಿತ್ತು. ಅವರೂ ಮೇಷ್ಟ್ರು ಕರ್ಟ್ ಹಾನೂ ಸೇರಿ ವೇಲ್ಸ್‌ನ ಕಡಲತೀರದಲ್ಲಿ ಶಾಲೆ ತೆಗೆದ್ರು, ಹುಡುಗ್ರನ್ನ ಕ್ಲಾಸ್ ರೂಮಿಂದ ಹೊರಗೆ ಎಳ್ಕೊಂಡು ಹೋಗಿ ಚಳಿ, ನೀರು, ಭಯ ಎಲ್ಲಾ ತೋರಿಸಿದ್ರು. ಅಂಥದ್ದನ್ನ ನಾವು ಬಿಟ್ಟ ಸ್ಥಳ ತುಂಬಿರಿ ಮಾಡಿದೀವಿ.

ಪ್ರಾಕ್ಟಿಕಲ್ ಇಲ್ಲ ಅಂತಲ್ಲ. ರಾಮನಗರಕ್ಕೆ ಒಂದಿನ ಫೀಲ್ಡ್ ವಿಸಿಟ್ ಇದೆ. ಅದಕ್ಕೂ ಮುಂಚೆ ಸ್ಟಾಂಪ್ ಪೇಪರ್ ಮೇಲೆ ಬಾಂಡು, ಮಗ ಬಿದ್ರೆ ಕಾಲೇಜು ಹೊಣೆಯಲ್ಲ, ಹಾವು ಕಚ್ಚಿದ್ರೆ ಹೊಣೆಯಲ್ಲ, ಜೇನು ಎದ್ರೆ ಹೊಣೆಯಲ್ಲ, ಅಪ್ಪನ ಸಹಿ, ಅಮ್ಮನ ಸಹಿ, ಇಬ್ಬರು ಸಾಕ್ಷಿ. ಇಷ್ಟೆಲ್ಲಾ ಬರೆಸ್ಕೊಂಡು ಬಂಡೆ ಹತ್ತಿಸಿದ್ರಾ? ಎಲ್ಲಿ ಹತ್ತಿಸ್ತಾರೆ ಮಾರಾಯ್ರೆ! ಬಂಡೆ ಕೆಳಗೆ ಬ್ಯಾನರ್ ಹಿಡ್ಕೊಂಡು ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನೋರ ಫೈಲಿಗೆ ಜಿಯೋ ಟ್ಯಾಗ್ ಫೋಟೊ, ಆಮೇಲೆ ಬಿಸಿಬೇಳೆಬಾತ್, ಕೇಸರಿಬಾತ್, ಕತ್ತಲಾಗೋ ಮುಂಚೆ ವಾಪಸ್. ಬ್ಯಾನರ್ ಮೇಲೆ ‘ಸಾಹಸವೇ ಜೀವನ’ ಅಂತ ಇತ್ತು, ಹೆಲ್ಮೆಟ್ ಹಾಕ್ಕೊಂಡಿದ್ದು ಪ್ರಿನ್ಸಿಪಾಲ್ರು ಒಬ್ರೇ.

ಡಾರ್ಜಿಲಿಂಗ್‌ನಲ್ಲಿ 1954ರಿಂದ, ಉತ್ತರಕಾಶಿಯಲ್ಲಿ 1965ರಿಂದ ಪರ್ವತಾರೋಹಣ ಸಂಸ್ಥೆಗಳಿವೆ. ಬೇಸಿಕ್ ಕೋರ್ಸೇ 28 ದಿನ, ಬೆನ್ನಿಗೆ ಲೋಡು ಹಾಕಿ ನಡೆಸ್ತಾರೆ, ಎ ಗ್ರೇಡ್ ಬಂದವರಿಗೆ ಮಾತ್ರ ಅಡ್ವಾನ್ಸ್ ಕೋರ್ಸ್. ನಮ್ಮಲ್ಲಿ 75 ಪರ್ಸೆಂಟ್ ಅಟೆಂಡೆನ್ಸ್ ಇದ್ರೆ ನೇರ ಲೀಡರ್.

ಈ ಲೀಡರ್‌ಗಳಿಗೆ ಕೆಲಸಕ್ಕೇನೂ ಬರ ಇಲ್ಲ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಿಂದಲೋ ಸಿಲ್ಕ್ ಬೋರ್ಡ್‌ನಿಂದಲೋ ಹೊರಡೋ ಟಿಟಿ, ಅಂದ್ರೆ ಟೆಂಪೋ ಟ್ರಾವೆಲರ್ ಒಳಗೆ ನೋಡಿ, ಕೊರಳಿಗೆ ವಿಷಲ್ ಹಾಕ್ಕೊಂಡು ಅಂತ್ಯಾಕ್ಷರಿ ಆಡಿಸ್ತಿರೋನೇ ಟ್ರೆಕ್ ಲೀಡ್, ಬೆಟ್ಟವನ್ನ ಅವನೂ ಅವತ್ತೇ ಮೊದಲು ನೋಡ್ತಿರ್ತಾನೆ. 2024ರ ಜನವರಿ, ರಿಪಬ್ಲಿಕ್ ಡೇ ರಜೆಗೆ ಕುಮಾರ ಪರ್ವತದಲ್ಲಿ ಮೆಜೆಸ್ಟಿಕ್ ಪ್ಲಾಟ್‌ಫಾರ್ಮ್ ಥರ ನೂಕುನುಗ್ಗಲಾಗಿ ವಿಡಿಯೋ ವೈರಲ್ ಆಯ್ತಲ್ಲ, ಆಗ ಸರ್ಕಾರ ಎಚ್ಚೆತ್ತು ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣಾನೇ ನಿಲ್ಲಿಸ್ತು, ಆಮೇಲೆ ದಿನಕ್ಕೆ 300 ಜನ ಅಂತ ಲಿಮಿಟ್ ಹಾಕಿ ಬಿಡ್ತು. ಜನ ಎಷ್ಟು ಅಂತ ಎಣಿಸಿದ್ದು ಸರೀನೇ ಬಿಡಿ, ಅಷ್ಟು ಜನರನ್ನ ಕರ್ಕೊಂಡು ಹೋಗೋನಿಗೆ ಏನು ಗೊತ್ತಿದೆ ಅಂತ ಟಿಟಿ ಹತ್ತೋರೂ ಕೇಳಲ್ಲ. ಕೇಳಿದ್ರೂ ಸರ್ಟಿಫಿಕೇಟ್ ಇದೆಯಲ್ಲ, ಲ್ಯಾಮಿನೇಶನ್ ಸಮೇತ.

ಮೊನ್ನೆ ವೈವಾ ಆಯ್ತಂತೆ. ಎಕ್ಸ್‌ಟರ್ನಲ್ ಆಗಿ ಬಂದೋರು ಪಕ್ಕದೂರಿನ ಎಕನಾಮಿಕ್ಸ್ ಮೇಡಂ. ‘ಸಂಜೆ ಐದೂವರೆ, ಮಂಜು ಕವಿದಿದೆ, ನಿಮ್ಮ ಗುಂಪಲ್ಲಿ ಒಬ್ಬ ಹುಡುಗ ಕಾಣ್ತಿಲ್ಲ, ಲೀಡರ್ ಆಗಿ ಮೊದಲು ಏನ್ ಮಾಡ್ತೀಯಪ್ಪ?’ ಅಂತ ಕೇಳಿದ್ರಂತೆ.

‘ಬಾಂಡ್ ಮೇಲೆ ಅವರಪ್ಪನ ಸಹಿ ಇದೆಯಾ ನೋಡ್ತೀನಿ ಮೇಡಂ.’

ಫುಲ್ ಮಾರ್ಕ್ಸ್.